ಹೆಸಿಯಡ್: ಮಹಾಕಾವ್ಯದ ಛಂದಸ್ಸಿಗೆ ನೇಗಿಲು ಹೂಡಿದ ಕವಿ

"ಮನೆಯಲ್ಲಿ ಎರಡು ನೇಗಿಲು ಇಟ್ಟುಕೋ. ಒಂದು ಮುರಿದರೆ ಎತ್ತುಗಳನ್ನು ಇನ್ನೊಂದಕ್ಕೆ ಹೂಡಬಹುದು."

ಊರ ಹಿರಿಯರೊಬ್ಬರು ಕಟ್ಟೆ ಮೇಲೆ ಕೂತು ಹೇಳಿದ ಮಾತಿನ ಹಾಗಿದೆ, ಅಲ್ವಾ? ಆದರೆ ಇದು ಸುಮಾರು 2700 ವರ್ಷ ಹಿಂದಿನ ಒಂದು ಗ್ರೀಕ್ ಕಾವ್ಯದ ಮಾತು. ನೇಗಿಲಿನ ಈಸಿಗೆ ಲಾರೆಲ್ ಅಥವಾ ಎಲ್ಮ್ ಮರ ಒಳ್ಳೆಯದು, ಹುಳ ಹಿಡಿಯುವುದಿಲ್ಲ ಎಂದೂ ಕವಿ ಅಲ್ಲೇ ಹೇಳುತ್ತಾನೆ. ಎತ್ತುಗಳಿಗೆ ಒಂಬತ್ತು ವರ್ಷ ಆಗಿರಬೇಕು. ಉಳುವವನಿಗೆ ನಲವತ್ತು ಆಗಿರಬೇಕು. ಅವನು ಹೊಟ್ಟೆ ತುಂಬ ರೊಟ್ಟಿ ತಿಂದು ಬಂದಿರಬೇಕು. ಯಾಕೆ ನಲವತ್ತು? ಆ ವಯಸ್ಸಿನವನು ಅಕ್ಕಪಕ್ಕದ ಗೆಳೆಯರ ಕಡೆ ಕಣ್ಣು ಹಾಯಿಸದೆ ಸಾಲು ನೆಟ್ಟಗೆ ಹೊಡೆಯುತ್ತಾನಂತೆ.

ಈ ಕವಿಯ ಹೆಸರು ಹೆಸಿಯಡ್. ಕಾಲ ಕ್ರಿ.ಪೂ. 700ರ ಸುಮಾರು. ಹೋಮರನ ಮಹಾಕಾವ್ಯ ವೀರ ಅಕಿಲೀಸ್‌ನ ಕೋಪವನ್ನೂ ಟ್ರಾಯ್ ಯುದ್ಧವನ್ನೂ ಹೇಳಿದ ಛಂದಸ್ಸಿನಲ್ಲೇ ಇವನು ನೇಗಿಲಿನ ಮರದ ಬಗ್ಗೆ ಹಾಡಿದ. ಇವನನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಮೊದಲು ಆ ಛಂದಸ್ಸು ಎಂಥದ್ದು ಎಂದು ನೋಡೋಣ.

ಅದಕ್ಕೆ ಹೆಕ್ಸಾಮೀಟರ್ ಎನ್ನುತ್ತಾರೆ. ಒಂದು ಸಾಲಿಗೆ ಆರು ಗಣ. ಶಾಲೆಯಲ್ಲಿ ಕಲಿತ ಯ-ಮ-ತ-ರ-ಜ-ಭ-ನ-ಸ ನೆನಪಿದ್ದರೆ ಸಾಕು, ಇದು ಸುಲಭ. ಗ್ರೀಕರ ಈ ಗಣ ಎಂದರೆ ಒಂದು ಗುರು, ಎರಡು ಲಘು. ಅಂದರೆ ನಮ್ಮ ಭಗಣ. ಎರಡು ಲಘುವಿನ ಜಾಗದಲ್ಲಿ ಒಂದು ಗುರು ಬಂದರೂ ನಡೆಯುತ್ತದೆ. ಹೇಗೆ ಬಂದರೂ ಗಣಕ್ಕೆ ನಾಲ್ಕು ಮಾತ್ರೆ. ಕೊನೆಯ ಗಣದಲ್ಲಿ ಮಾತ್ರ ಎರಡೇ ಅಕ್ಷರ. ಸಾವಿರಾರು ಸಾಲು ಇದೇ ನಡೆಯಲ್ಲಿ ಸಾಗುತ್ತದೆ. ಮತ್ತೆ ಮತ್ತೆ ಬರುವ ಅಲೆಯ ಹಾಗೆ.

ಈ ಸಾಲುಗಳನ್ನು ಕಟ್ಟಿದವರು ಮೊದಲು ಬರೆಯುತ್ತಿರಲಿಲ್ಲ, ಹಾಡುತ್ತಿದ್ದರು. ಗ್ರೀಕರಿಗೆ ಅಕ್ಷರಮಾಲೆ ಸಿಕ್ಕಿದ್ದೇ ಕ್ರಿ.ಪೂ. ಎಂಟನೇ ಶತಮಾನದ ಹೊತ್ತಿಗೆ. ಅದಕ್ಕೆ ಮುಂಚೆ ತಲೆಮಾರುಗಳ ಕಾಲ ಗಾಯಕರು ಕಥೆಗಳನ್ನು ಬಾಯಲ್ಲೇ ಕಟ್ಟಿದರು. ಅವರ ಹತ್ತಿರ ಸಿದ್ಧ ಪದಗುಚ್ಛಗಳ ದೊಡ್ಡ ಬುತ್ತಿಯೇ ಇತ್ತು. "ಗುಲಾಬಿ ಬೆರಳಿನ ಮುಂಜಾವು" ಅಂಥದ್ದೊಂದು. ಸಾಲಿನಲ್ಲಿ ಇಷ್ಟು ಜಾಗ ಉಳಿದಿದ್ದರೆ ಈ ಗುಚ್ಛ, ಅಷ್ಟು ಉಳಿದಿದ್ದರೆ ಆ ಗುಚ್ಛ. ಹಾಡು ನಿಲ್ಲದೆ ಓಡುತ್ತಿತ್ತು. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಮತ್ತು ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ ಯುಗೋಸ್ಲಾವಿಯಕ್ಕೆ ಹೋದರು. ಓದು ಬರಹ ಬಾರದ ಗಾಯಕರು ಇದೇ ಬಗೆಯಲ್ಲಿ ಉದ್ದುದ್ದ ಕಥೆಗಳನ್ನು ನಿಂತ ಜಾಗದಲ್ಲೇ ಕಟ್ಟಿ ಹಾಡುವುದನ್ನು ಅವರು ರೆಕಾರ್ಡ್ ಮಾಡಿಕೊಂಡರು. ಹಳೆಯ ಗ್ರೀಕ್ ಕಾವ್ಯದಲ್ಲಿ ಒಂದೇ ಮಾತು ಯಾಕೆ ಅಷ್ಟು ಸಲ ಬರುತ್ತದೆ ಎನ್ನುವುದು ಆಮೇಲೆ ಸ್ಪಷ್ಟವಾಯಿತು.

ಹೆಸಿಯಡ್ ಈ ಪರಂಪರೆಯ ಮನುಷ್ಯ. ಅವನ ಊರು ಗ್ರೀಸಿನ ಬೊಯೋಟಿಯಾ ಸೀಮೆಯಲ್ಲಿ, ಹೆಲಿಕಾನ್ ಬೆಟ್ಟದ ಬುಡದಲ್ಲಿದ್ದ ಅಸ್ಕ್ರಾ. ಅಲ್ಲಿನ ಆಡುಭಾಷೆ ಬೇರೆ, ಕಾವ್ಯದ ಭಾಷೆ ಬೇರೆ. ಕಾವ್ಯಭಾಷೆಯನ್ನು ಇದ್ದ ಹಾಗೇ ಯಾರೂ ಯಾವ ಊರಿನಲ್ಲೂ ಮಾತಾಡುತ್ತಿರಲಿಲ್ಲ. ಹೆಚ್ಚಾಗಿ ಅಯೋನಿಯದ ನುಡಿ, ನಡುನಡುವೆ ಬೇರೆ ಸೀಮೆಗಳ ಹಳೆಯ ರೂಪಗಳು. ಹೆಸಿಯಡ್ ಅದನ್ನೇ ಕಲಿತು ಅದರಲ್ಲೇ ಹಾಡಿದ. ಹೋಮರನ ಕಾವ್ಯದಲ್ಲಿರುವ ಆ ಪದಗುಚ್ಛಗಳೇ ಇವನಲ್ಲೂ ಸಿಗುತ್ತವೆ. ಆದರೆ ಅವುಗಳಿಗೆ ಹಚ್ಚಿದ ಕೆಲಸ ನೋಡಿ. ಹೋಮರನಲ್ಲಿ ಗುಲಾಬಿ ಬೆರಳಿನ ಮುಂಜಾವು ಮೂಡಿದರೆ ವೀರರು ಏಳುತ್ತಾರೆ, ಹಡಗು ನೀರಿಗಿಳಿಯುತ್ತದೆ. ಹೆಸಿಯಡ್‌ನಲ್ಲಿ ಗುಲಾಬಿ ಬೆರಳಿನ ಮುಂಜಾವು ಸ್ವಾತಿ ನಕ್ಷತ್ರವನ್ನು ನೋಡಿದಾಗ ದ್ರಾಕ್ಷಿ ಕೊಯ್ಯಬೇಕು. ಹತ್ತು ದಿನ ಬಿಸಿಲಿಗೆ ಹರವಬೇಕು, ಐದು ದಿನ ನೆರಳಲ್ಲಿಡಬೇಕು, ಆರನೇ ದಿನ ರಸವನ್ನು ಗಡಿಗೆಗೆ ತುಂಬಬೇಕು.

ಅವನ ಹೆಸರಿನಲ್ಲಿ ಪೂರ್ತಿಯಾಗಿ ಉಳಿದಿರುವ ಮುಖ್ಯ ಕಾವ್ಯಗಳು ಎರಡು. ಒಂದು 'ಥಿಯೋಗನಿ', ಅಂದರೆ ದೇವರುಗಳ ಹುಟ್ಟು, ಸಾವಿರ ಸಾಲಿಗೆ ಸ್ವಲ್ಪ ಜಾಸ್ತಿ. ಇನ್ನೊಂದು ಈ ನೇಗಿಲಿನ ಕಾವ್ಯ, 828 ಸಾಲು. ಅದರ ಗ್ರೀಕ್ ಹೆಸರನ್ನು 'ದುಡಿಮೆ ಮತ್ತು ದಿನಗಳು' ಎಂದು ಕನ್ನಡಿಸಬಹುದು.

'ಥಿಯೋಗನಿ'ಯ ಆರಂಭದಲ್ಲೇ ಒಂದು ಹೊಸ ಸಂಗತಿ ನಡೆಯುತ್ತದೆ. ಹೋಮರನ ಕಾವ್ಯದಲ್ಲಿ ಹೋಮರ್ ಎಂಬ ಹೆಸರಿಲ್ಲ. ಅವನ ಊರಿಲ್ಲ, ಅಪ್ಪ ಅಮ್ಮ ಇಲ್ಲ. ಇಲ್ಲಿ ಹಾಗಲ್ಲ. ಹೆಲಿಕಾನಿನ ತಪ್ಪಲಲ್ಲಿ ಕುರಿ ಕಾಯುತ್ತಿದ್ದ ಹೆಸಿಯಡ್‌ಗೆ ಮ್ಯೂಸ್ ದೇವಿಯರು ಹಾಡು ಕಲಿಸಿದರು ಎಂದು ಕವಿ ತನ್ನ ಹೆಸರು ಹಿಡಿದೇ ಹೇಳುತ್ತಾನೆ. ನಮಗೆ ಸಿಕ್ಕಿರುವ ಗ್ರೀಕ್ ಕಾವ್ಯದಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಂಡ ಮೊದಲ ಕವಿ ಇವನು. ದೇವಿಯರೇನೂ ಮುದ್ದು ಮಾಡುವುದಿಲ್ಲ. "ಕಾಡಲ್ಲಿ ಕುರಿ ಕಾಯುವವರೇ, ನಾಚಿಕೆಗೇಡಿಗಳೇ, ಬರೀ ಹೊಟ್ಟೆಗಳೇ!" ಎಂದು ಬೈಯುತ್ತಾರೆ. ಆಮೇಲೆ ಹೇಳುತ್ತಾರೆ: "ನಿಜದ ಹಾಗೇ ಕಾಣುವ ಎಷ್ಟೋ ಸುಳ್ಳು ಹೇಳಲು ನಮಗೆ ಗೊತ್ತು. ಮನಸ್ಸಾದರೆ ನಿಜ ಹೇಳಲೂ ಗೊತ್ತು." ಲಾರೆಲ್ ಮರದ ಒಂದು ಕೋಲು ಕೊಟ್ಟು, ಅವನೊಳಗೆ ದನಿ ಊದುತ್ತಾರೆ.

ಈ ಮಾತಿನ ಹತ್ತಿರ ನಾನು ಪ್ರತಿ ಸಲ ನಿಲ್ಲುತ್ತೇನೆ. ಕವಿತೆ ಸುಳ್ಳೂ ಹೇಳಬಹುದು ಎಂದು ಕವಿತೆಯ ದೇವಿಯರ ಬಾಯಲ್ಲೇ, ಕಾವ್ಯದ ಬಾಗಿಲಲ್ಲೇ ಹೇಳಿಸುವುದಕ್ಕೆ ಧೈರ್ಯ ಬೇಕು. ಅಂದಹಾಗೆ ಒಂಬತ್ತು ಮ್ಯೂಸ್ ದೇವಿಯರ ಹೆಸರುಗಳ ಪಟ್ಟಿ ಮೊದಲು ಸಿಗುವುದೂ ಇಲ್ಲೇ.

'ಥಿಯೋಗನಿ'ಯ ಕಥೆ ಹೀಗಿದೆ. ಮೊದಲು ಖಾಓಸ್, ಅಂದರೆ ಬಾಯ್ದೆರೆದ ಬರಿದು. ಆಮೇಲೆ ಭೂಮಿತಾಯಿ ಗಾಯಾ. ಅವಳಿಂದ ಆಕಾಶ, ಊರಾನೋಸ್. ಅವನು ತನ್ನ ಮಕ್ಕಳನ್ನು ತಾಯ ಒಡಲಿನಿಂದ ಹೊರಬರಲು ಬಿಡುವುದಿಲ್ಲ. ಮಗ ಕ್ರೋನೋಸ್ ಕುಡುಗೋಲಿನಿಂದ ಅಪ್ಪನ ಮರ್ಮಾಂಗವನ್ನೇ ಕತ್ತರಿಸುತ್ತಾನೆ. ಆ ಕ್ರೋನೋಸ್ ತನ್ನ ಮಕ್ಕಳನ್ನು ಹುಟ್ಟಿದ ಹಾಗೆ ನುಂಗುತ್ತಾನೆ. ಕೊನೆಯ ಮಗು ಜೀಯಸ್‌ನ ಬದಲು ಬಟ್ಟೆ ಸುತ್ತಿದ ಕಲ್ಲನ್ನು ನುಂಗಿಸುತ್ತಾರೆ. ಬೆಳೆದ ಜೀಯಸ್ ಅಪ್ಪನನ್ನು ಇಳಿಸಿ ರಾಜನಾಗುತ್ತಾನೆ.

ಇದನ್ನೆಲ್ಲ ಹೆಸಿಯಡ್ ತಾನೇ ಕಲ್ಪಿಸಿಕೊಂಡಿದ್ದಲ್ಲ. ಇವತ್ತಿನ ಟರ್ಕಿಯಲ್ಲಿ ಹಿಟ್ಟೈಟ್ ಎಂಬ ಪ್ರಾಚೀನ ಜನರ ರಾಜಧಾನಿ ಹತ್ತುಸಾ ಇತ್ತು. ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಕುಮಾರ್ಬಿ ಎಂಬ ದೇವರ ಕಥೆ ಇದೆ. ಹೆಸಿಯಡ್‌ಗಿಂತ ಶತಮಾನಗಳಷ್ಟು ಹಳೆಯದು. ಅಲ್ಲಿಯೂ ಕುಮಾರ್ಬಿಗಿಂತ ಮುಂಚೆ ಆಕಾಶದ ದೇವರು ಅನು ರಾಜ. ಕುಮಾರ್ಬಿ ಅವನ ಮರ್ಮಾಂಗವನ್ನು ಕಚ್ಚಿ ನುಂಗುತ್ತಾನೆ. ಅದರಿಂದ ಅವನ ಹೊಟ್ಟೆಯಲ್ಲಿ ಗುಡುಗಿನ ದೇವರು ಬೆಳೆಯುತ್ತಾನೆ. ಆಕಾಶ, ನಡುವೆ ಒಬ್ಬ ನುಂಗುವವನು, ಕೊನೆಗೆ ಗುಡುಗಿನ ದೇವರು: ಸರಣಿ ಒಂದೇ. ಕಥೆಗಳು ವ್ಯಾಪಾರಿಗಳ ಜೊತೆ, ವಲಸೆ ಹೋದವರ ಜೊತೆ ಸಮುದ್ರ ದಾಟುತ್ತವೆ. ಹೆಸಿಯಡ್‌ನ ಅಪ್ಪನೇ ಏಷ್ಯಾ ಮೈನರ್ ಕರಾವಳಿಯ ಕೂಮೆ ಎಂಬ ಊರಿನಿಂದ ಬಂದವನು.

ಆ ಅಪ್ಪನ ಬಗ್ಗೆ ನಮಗೆ ಗೊತ್ತಿರುವುದು ಮಗ ಹೇಳಿದ್ದರಿಂದ. ಸಿರಿತನವನ್ನು ಬಿಟ್ಟು ಬಂದವನಲ್ಲ, ಬಡತನದಿಂದ ತಪ್ಪಿಸಿಕೊಂಡು ಬಂದವನು ಎನ್ನುತ್ತಾನೆ ಮಗ. ಬಂದು ನೆಲೆಸಿದ ಅಸ್ಕ್ರಾ ಹೇಗಿತ್ತು? "ಚಳಿಗಾಲದಲ್ಲಿ ಕೆಟ್ಟದ್ದು, ಬೇಸಿಗೆಯಲ್ಲಿ ಕಷ್ಟದ್ದು, ಯಾವಾಗಲೂ ಒಳ್ಳೆಯದಲ್ಲ." ಸ್ವಂತ ಊರಿನ ಬಗ್ಗೆ ಇಷ್ಟು ನೇರವಾಗಿ ಹೇಳಿದ ಗ್ರೀಕ್ ಕವಿ ಅವನಿಗಿಂತ ಮುಂಚೆ ಸಿಗುವುದಿಲ್ಲ.

ಈ ಮಾತು ಬರುವುದು 'ದುಡಿಮೆ ಮತ್ತು ದಿನಗಳು' ಕಾವ್ಯದಲ್ಲಿ. ಅಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಮನೆಯ ಜಗಳವನ್ನೇ ಕಾವ್ಯಕ್ಕೆ ತರುತ್ತಾನೆ. ಅಪ್ಪನ ಆಸ್ತಿ ಪಾಲಾಯಿತು. ಸಹೋದರ ಪರ್ಸೆಸ್ ತನ್ನ ಪಾಲಿಗಿಂತ ಜಾಸ್ತಿ ಹೊಡೆದುಕೊಂಡ. "ಲಂಚ ತಿನ್ನುವ" ಒಡೆಯರನ್ನು ಬುಟ್ಟಿಗೆ ಹಾಕಿಕೊಂಡ. ಈಗ ಮತ್ತೆ ವ್ಯಾಜ್ಯಕ್ಕೆ ಬರುತ್ತಿದ್ದಾನೆ. ಇಡೀ ಕಾವ್ಯ ಈ ಪರ್ಸೆಸ್‌ಗೆ ಹೇಳಿದ ಬುದ್ಧಿಮಾತು. ಪರ್ಸೆಸ್ ನಿಜವಾದ ಮನುಷ್ಯನಲ್ಲ, ಉಪದೇಶಕ್ಕೆ ಕಟ್ಟಿಕೊಂಡ ಪಾತ್ರ ಎನ್ನುವ ವಿದ್ವಾಂಸರಿದ್ದಾರೆ. ನನಗೆ ಆ ಜಗಳದ ಬಿಸಿ ನಿಜದ್ದು ಅನ್ನಿಸುತ್ತದೆ. ಒಡೆಯರ ಬಗ್ಗೆ ಅವನ ಮಾತು ಕೇಳಿ: "ಮೂರ್ಖರು! ಇಡಿಗಿಂತ ಅರ್ಧ ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಿಲ್ಲ." ಅನ್ಯಾಯದ ಇಡೀ ಪಾಲಿಗಿಂತ ನ್ಯಾಯದ ಅರ್ಧ ಪಾಲು ದೊಡ್ಡದು. ಆಸ್ತಿಗಾಗಿ ಕೋರ್ಟು ಅಲೆದ ಯಾವ ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಒಡೆಯರಿಗೆ ಅವನು ಒಂದು ಕಥೆ ಹೇಳುತ್ತಾನೆ. ಗಿಡುಗವೊಂದು ನೈಟಿಂಗೇಲ್ ಹಕ್ಕಿಯನ್ನು ಉಗುರಲ್ಲಿ ಹಿಡಿದು ಮೋಡದೆತ್ತರಕ್ಕೆ ಒಯ್ಯುತ್ತಿದೆ. ಹಕ್ಕಿ ಅಳುತ್ತದೆ. ಗಿಡುಗ ಹೇಳುತ್ತದೆ: "ಯಾಕೆ ಕಿರುಚುತ್ತೀಯ? ನಿನಗಿಂತ ಬಲವಾದವನ ಕೈಯಲ್ಲಿದ್ದೀಯ. ಹಾಡುವವಳಾದರೇನು, ನಾನು ಒಯ್ದ ಕಡೆ ಬರಬೇಕು." ಗ್ರೀಕ್ ಸಾಹಿತ್ಯದಲ್ಲಿ ನಮಗೆ ಸಿಗುವ ಅತಿ ಹಳೆಯ ಪ್ರಾಣಿಕಥೆ ಇದು. ಗ್ರೀಕಿನಲ್ಲಿ ಹಾಡುಗಾರ ಮತ್ತು ನೈಟಿಂಗೇಲ್ ಎನ್ನುವ ಎರಡು ಪದಗಳು ಕಿವಿಗೆ ತೀರಾ ಹತ್ತಿರ. ಉಗುರಲ್ಲಿ ಸಿಕ್ಕಿದ್ದು ಯಾರು ಎಂದು ಕೇಳುಗರಿಗೆ ತಿಳಿಯದೆ ಇರುತ್ತದೆಯೇ?

ಕಾವ್ಯದ ಆರಂಭದ ಇನ್ನೊಂದು ಮಾತು ನನಗೆ ತುಂಬ ಇಷ್ಟ. 'ಥಿಯೋಗನಿ'ಯಲ್ಲಿ ಕಲಹದ ದೇವಿ ಎರಿಸ್ ಒಬ್ಬಳೇ, ರಾತ್ರಿಯ ಮಗಳು, ಕೆಟ್ಟವಳು. ಇಲ್ಲಿ ಅವನು ಹೇಳುತ್ತಾನೆ: ಹಾಗಲ್ಲ ನೋಡಿ, ಭೂಮಿಯ ಮೇಲೆ ಎರಿಸ್ ಇಬ್ಬರಿದ್ದಾರೆ. ಒಬ್ಬಳು ಯುದ್ಧ ತರುತ್ತಾಳೆ. ಇನ್ನೊಬ್ಬಳು ಒಳ್ಳೆಯವಳು. ಪಕ್ಕದವನು ಉತ್ತಿ ಬಿತ್ತುವುದನ್ನು ಕಂಡು ಸೋಮಾರಿಯೂ ಏಳುತ್ತಾನಲ್ಲ, ಅದು ಅವಳ ಕೆಲಸ. "ಕುಂಬಾರನಿಗೆ ಕುಂಬಾರನ ಮೇಲೆ ಸಿಟ್ಟು, ಬಡಗಿಗೆ ಬಡಗಿಯ ಮೇಲೆ. ಭಿಕ್ಷುಕನಿಗೆ ಭಿಕ್ಷುಕನ ಮೇಲೆ ಹೊಟ್ಟೆಕಿಚ್ಚು, ಹಾಡುಗಾರನಿಗೆ ಹಾಡುಗಾರನ ಮೇಲೆ." ತನ್ನ ಕಸುಬನ್ನೂ ಭಿಕ್ಷುಕನ ಪಕ್ಕದಲ್ಲೇ ಕೂರಿಸಿದ್ದಾನೆ. ಮುಂಚೆ ಹೇಳಿದ್ದನ್ನು ತಾನೇ ತಿದ್ದಿಕೊಳ್ಳುವ ಕವಿ! ತನ್ನ ಹೆಸರಿನಲ್ಲಿ, ತನ್ನ ದನಿಯಲ್ಲಿ ಹಾಡಿದವನಿಗೆ ಮಾತ್ರ ಇದು ಸಾಧ್ಯ.

ಮೊದಲ ಹೆಣ್ಣು ಪಂಡೋರಾಳ ಕಥೆ ಎರಡೂ ಕಾವ್ಯಗಳಲ್ಲಿದೆ. ಅವಳ 'ಪೆಟ್ಟಿಗೆ' ಲೋಕಪ್ರಸಿದ್ಧ. ಆದರೆ ಹೆಸಿಯಡ್‌ನಲ್ಲಿ ಪೆಟ್ಟಿಗೆಯೇ ಇಲ್ಲ. ಅದು ಪಿಥೋಸ್, ಕಾಳು, ಎಣ್ಣೆ, ವೈನ್ ತುಂಬಿಡುವ ದೊಡ್ಡ ಮಣ್ಣಿನ ವಾಡೆ. 16ನೇ ಶತಮಾನದಲ್ಲಿ ಯೂರೋಪಿನ ವಿದ್ವಾಂಸ ಎರಾಸ್ಮಸ್ ಲ್ಯಾಟಿನ್‌ನಲ್ಲಿ ಹೇಳುವಾಗ ಪಿಥೋಸ್ ಬದಲು ಪಿಕ್ಸಿಸ್, ಅಂದರೆ ಡಬ್ಬಿ ಎಂಬ ಪದ ಬಳಸಿದ. ಅದೇ ಉಳಿಯಿತು. ವ್ಯತ್ಯಾಸ ಚಿಕ್ಕದಲ್ಲ. ವರ್ಷದ ಕಾಳು ಇರಬೇಕಾದ ವಾಡೆಯ ಮುಚ್ಚಳ ತೆಗೆದರೆ ರೋಗ ರುಜಿನ ಹೊರಗೆ ಹಾರಿದವು, ಆಸೆಯೊಂದು ಅಂಚಿನ ಕೆಳಗೆ ಉಳಿಯಿತು. ಇದು ರೈತನ ಮನೆಯ ದುಃಸ್ವಪ್ನ. ಮೊದಲ ಹೆಣ್ಣನ್ನೇ ಗಂಡಸರಿಗೆ ಕೊಟ್ಟ ಶಿಕ್ಷೆ ಎನ್ನುತ್ತಾನಲ್ಲ, ಅದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಹೆಣ್ಣಿನ ಬಗ್ಗೆ ಅವನ ಮಾತುಗಳು ಕಹಿ. ಅದನ್ನು ಮರೆಮಾಚಿ ಅವನನ್ನು ಹೊಗಳಬಾರದು.

ಪಂಡೋರಾಳ ಬೆನ್ನಲ್ಲೇ ಐದು ಪೀಳಿಗೆಗಳ ಕಥೆ. ಚಿನ್ನ, ಬೆಳ್ಳಿ, ಕಂಚು, ವೀರರು, ಕಬ್ಬಿಣ. ಮೂರು ಲೋಹಗಳಲ್ಲಿ ಇಳಿಯುತ್ತಾ ಬಂದು, ನಡುವೆ ಲೋಹವಿಲ್ಲದ ವೀರರು ನುಗ್ಗುತ್ತಾರೆ. ಯಾಕೆಂದರೆ ಟ್ರಾಯ್ ವೀರರನ್ನು ಬಿಟ್ಟು ಹಳೆಯ ಕಾಲದ ಕಥೆ ಹೇಳಿದರೆ ಗ್ರೀಕರು ಕೇಳುತ್ತಿರಲಿಲ್ಲ. ಕೊನೆಯದು ನಮ್ಮ ಕಬ್ಬಿಣದ ಪೀಳಿಗೆ. "ಈ ಐದನೆಯವರ ನಡುವೆ ನಾನು ಇರಬಾರದಿತ್ತು. ಮೊದಲೇ ಸಾಯಬೇಕಿತ್ತು, ಇಲ್ಲ ಆಮೇಲೆ ಹುಟ್ಟಬೇಕಿತ್ತು" ಎನ್ನುತ್ತಾನೆ ಹೆಸಿಯಡ್. ಅವನ ಚಿನ್ನದ ಪೀಳಿಗೆಯನ್ನು ರೋಮನ್ ಕವಿಗಳು ಚಿನ್ನದ ಯುಗ ಮಾಡಿದರು. ಓವಿಡ್ ವೀರರನ್ನು ಬಿಟ್ಟು ನಾಲ್ಕೇ ಯುಗ ಹೇಳಿದ. ನಮ್ಮ ಇತಿಹಾಸದ ಪಾಠಗಳಲ್ಲಿ 'ಸುವರ್ಣಯುಗ' ಎಂದು ಬರೆಯುತ್ತೇವಲ್ಲ, ಆ ಮಾತಿನ ಬೇರೂ ಯೂರೋಪಿನ ಬರಹಗಳ ಮೂಲಕ ಅಸ್ಕ್ರಾದವರೆಗೆ ಹೋಗುತ್ತದೆ.

ಈಗ ಹೊಲಕ್ಕೆ ಬರೋಣ. ನನ್ನ ಮಟ್ಟಿಗೆ ಹೆಸಿಯಡ್‌ನ ಜೀವ ಇರುವುದು ಇಲ್ಲಿ. ಕ್ಯಾಲೆಂಡರ್ ಇಲ್ಲದ ರೈತನಿಗೆ ಆಕಾಶವೇ ಪಂಚಾಂಗ. ಪ್ಲಿಯಡೀಸ್, ಅಂದರೆ ನಮ್ಮ ಕೃತ್ತಿಕೆ, ನಸುಕಿನಲ್ಲಿ ಮೊದಲ ಸಲ ಕಾಣಿಸಿದಾಗ ಕೊಯ್ಲು. ನಸುಕಿನಲ್ಲಿ ಪಡುವಣಕ್ಕೆ ಮುಳುಗತೊಡಗಿದಾಗ ಉಳುಮೆ. ಮತ್ತೆ ಮೂಡುವ ಮುಂಚೆ ನಲವತ್ತು ಹಗಲು ನಲವತ್ತು ರಾತ್ರಿ ಅವು ಕಾಣುವುದೇ ಇಲ್ಲ ಎನ್ನುತ್ತಾನೆ. ಅಲ್ಲಿ ಮಳೆ ಚಳಿಗಾಲದ್ದು. ಹಾಗಾಗಿ ಬಿತ್ತನೆ ನವೆಂಬರ್ ಆಸುಪಾಸು, ಕೊಯ್ಲು ಮೇ ತಿಂಗಳಲ್ಲಿ. ಆಕಾಶದ ಜೊತೆ ನೆಲದ ಗುರುತುಗಳೂ ಇವೆ. ಮೋಡದ ಮೇಲಿಂದ ಕೊಕ್ಕರೆಯ ಹಾಗೆ ಕಾಣುವ ಕ್ರೇನ್ ಹಕ್ಕಿ ಕೂಗಿದರೆ ಉಳುಮೆಗೆ ಏಳು. ಎತ್ತಿಲ್ಲದವನ ಎದೆಯನ್ನು ಆ ಕೂಗು ಕಚ್ಚುತ್ತದೆ ಎನ್ನುತ್ತಾನೆ. ಎಷ್ಟು ನಿಜವಾದ ಸಾಲು!

ಕೆಲವು ಸಾಲುಗಳು ಒಗಟಿನ ಹಾಗಿವೆ. "ಮನೆ ಹೊತ್ತವನು" ಗಿಡ ಹತ್ತಿದಾಗ ಕುಡುಗೋಲು ಮಸೆ. ಯಾರವನು? ಬಸವನಹುಳು. "ಹಗಲು ಮಲಗುವವನು" ನಿನ್ನ ಸಾಮಾನು ಒಯ್ಯದಿರಲಿ ಎಂದು ನಾಯಿ ಸಾಕು. ಅವನು ಕಳ್ಳ. "ಐದು ಕೊಂಬೆ" ಎಂದರೆ ಕೈ. ಗಡಗಡ ನಡುಗಿಸುವ ಚಳಿಯಲ್ಲಿ "ಮೂಳೆಯಿಲ್ಲದವನು" ಒಲೆಯಿಲ್ಲದ ಮನೆಯಲ್ಲಿ ತನ್ನ ಕಾಲನ್ನೇ ಕಡಿಯುತ್ತಾ ಕೂತಿದ್ದಾನೆ. ಅದು ಆಕ್ಟೋಪಸ್ ಎನ್ನುತ್ತಾರೆ. ಹಳ್ಳಿಯ ಮಾತಿನ ರುಚಿ ಮಹಾಕಾವ್ಯದ ಲಯದಲ್ಲಿ ಕರಗಿರುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಚಳಿಯಾದ ಮೇಲೆ ಬೇಸಿಗೆ. ಮುಳ್ಳುಗಿಡ ಹೂಬಿಟ್ಟಿದೆ, ಜೀರುಂಡೆ ಮರದಲ್ಲಿ ಕೂತು ಹಾಡು ಸುರಿಸುತ್ತಿದೆ. ಆಡುಗಳು ಮೈತುಂಬಿವೆ. ಲುಬ್ಧಕ ನಕ್ಷತ್ರ ತಲೆಯನ್ನೂ ಮಂಡಿಯನ್ನೂ ಒಣಗಿಸುತ್ತಿದೆ. ದುಡಿ ದುಡಿ ಎನ್ನುತ್ತಿದ್ದ ಕವಿ ಇಲ್ಲಿ ಒಂದು ಗಳಿಗೆ ಕೂರುತ್ತಾನೆ. ಬಂಡೆಯ ನೆರಳು, ತಣ್ಣನೆ ಗಾಳಿಗೆ ತಿರುಗಿಸಿದ ಮುಖ, ಮೂರು ಪಾಲು ನೀರಿಗೆ ಒಂದು ಪಾಲು ವೈನ್. ಸುಮಾರು ನೂರು ವರ್ಷದ ನಂತರ ಲೆಸ್ಬೋಸ್ ದ್ವೀಪದ ಕವಿ ಅಲ್ಕಾಯುಸ್ ಇದೇ ಜೀರುಂಡೆ, ಇದೇ ಮುಳ್ಳಿನ ಹೂ, ಇದೇ ನಕ್ಷತ್ರವನ್ನು ತನ್ನ ಛಂದಸ್ಸಿಗೆ ತಂದು ಕುಡಿತದ ಹಾಡು ಮಾಡಿದ. ಪರಂಪರೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಈ ಎರಡು ತುಣುಕುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಬಹುದು.

ಸಮುದ್ರದ ಬಗ್ಗೆಯೂ ಅವನು ಬುದ್ಧಿ ಹೇಳುತ್ತಾನೆ. ಆದರೆ ತಾನು ಹಡಗು ಹತ್ತಿದ್ದು ಒಂದೇ ಸಲ ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತಾನೆ. ಅದೂ ಔಲಿಸ್‌ನಿಂದ ಎದುರಿಗಿರುವ ಯೂಬಿಯಾ ದ್ವೀಪಕ್ಕೆ, ಕಿರಿದಾದ ಜಲಸಂಧಿ ದಾಟಿ. ಕಲ್ಕಿಸ್ ಊರಿನಲ್ಲಿ ಅಂಫಿದಮಾಸ್ ಎಂಬುವನ ಉತ್ತರಕ್ರಿಯೆಯ ಪಂದ್ಯಗಳಿದ್ದವು. ಹಾಡಿ ಗೆದ್ದು ಹಿಡಿಗಳಿದ್ದ ಮುಕ್ಕಾಲಿ ಪಾತ್ರೆಯನ್ನು ಬಹುಮಾನವಾಗಿ ತಂದ. ಅದನ್ನು ಹೆಲಿಕಾನಿನ ಮ್ಯೂಸ್ ದೇವಿಯರಿಗೇ ಅರ್ಪಿಸಿದ.

ಮುಂದಿನವರು ಈ ಸಣ್ಣ ಸಂಗತಿಯಿಂದ ದೊಡ್ಡ ಕಥೆ ಹೆಣೆದರು. ಅಲ್ಲಿ ಹೆಸಿಯಡ್‌ನ ಎದುರಾಳಿ ಸಾಕ್ಷಾತ್ ಹೋಮರ್! ಜನರೆಲ್ಲ ಹೋಮರನ ಕಡೆ. ಕೊನೆಗೆ ಇಬ್ಬರೂ ತಮ್ಮ ಅತ್ಯುತ್ತಮ ಭಾಗ ಹೇಳಬೇಕು. ಹೋಮರ್ ಯುದ್ಧದ ಸಾಲು ಹೇಳುತ್ತಾನೆ. ಹೆಸಿಯಡ್ ಕೃತ್ತಿಕೆ ಮೂಡಿದಾಗ ಕೊಯ್ಲು ಶುರುಮಾಡು ಎನ್ನುವ ಭಾಗ ಹೇಳುತ್ತಾನೆ. ರಾಜ ಹೆಸಿಯಡ್‌ಗೆ ಕಿರೀಟ ತೊಡಿಸುತ್ತಾನೆ. ಕೊಲೆ ಕದನ ಹಾಡುವವನಿಗಲ್ಲ, ಬೇಸಾಯಕ್ಕೂ ಶಾಂತಿಗೂ ಕರೆಯುವವನಿಗೆ ಗೆಲುವು ಎನ್ನುತ್ತಾನೆ. ಇದು ಇತಿಹಾಸವಲ್ಲ, ಕಟ್ಟುಕಥೆ. ಆದರೆ ಗ್ರೀಕರು ಈ ಇಬ್ಬರನ್ನು ಹೇಗೆ ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಗ್ರೀಕರಿಗೆ ದೇವರುಗಳ ವಂಶ, ಹೆಸರು, ರೂಪ ಕೊಟ್ಟವರೇ ಹೋಮರ್ ಮತ್ತು ಹೆಸಿಯಡ್ ಎಂದು ಇತಿಹಾಸಕಾರ ಹೆರೊಡೋಟಸ್ ಬರೆದ. ಅದಕ್ಕೇ ಚಿಂತಕರು ಇವರನ್ನು ಸುಮ್ನೆ ಬಿಡಲಿಲ್ಲ. ಕಳ್ಳತನ, ಹಾದರ, ಮೋಸ ಎಲ್ಲವನ್ನೂ ಇವರಿಬ್ಬರು ದೇವರ ತಲೆಗೆ ಕಟ್ಟಿದರು ಎಂದು ಕ್ಸೆನೋಫನೀಸ್ ಬೈದ. ಕ್ರೋನೋಸ್‌ನ ಕಥೆಯನ್ನು ಮಕ್ಕಳಿಗೆ ಹೇಳಲೇಬಾರದು ಎಂದ ಪ್ಲೇಟೋ. ಬೈಯುವುದಕ್ಕಾದರೂ ಎಲ್ಲರೂ ಅವನನ್ನು ಓದಬೇಕಾಯಿತು.

ಕವಿಗಳು ಹಿಡಿದ ದಾರಿ ಬೇರೆ. ಪದ್ಯದಲ್ಲಿ ವಿದ್ಯೆ ಕಲಿಸಬಹುದು ಎನ್ನುವುದನ್ನು ಅವರು ಹೆಸಿಯಡ್‌ನಿಂದ ತೆಗೆದುಕೊಂಡರು. ಕ್ರಿ.ಪೂ. ಮೂರನೇ ಶತಮಾನದಲ್ಲಿ ಅರಾಟಸ್ ನಕ್ಷತ್ರ ಮತ್ತು ಹವಾಮಾನದ ಮೇಲೆ ಇಡೀ ಕಾವ್ಯ ಬರೆದ. ಕ್ರಿ.ಪೂ. 29ರ ಸುಮಾರಿಗೆ ರೋಮಿನ ವರ್ಜಿಲ್ 'ಜಾರ್ಜಿಕ್ಸ್' ಮುಗಿಸಿದ. ಉಳುಮೆ, ದ್ರಾಕ್ಷಿ, ದನ, ಜೇನು ಎಂದು ನಾಲ್ಕು ಭಾಗ. "ಅಸ್ಕ್ರಾದ ಹಾಡನ್ನು ರೋಮನ್ ಊರುಗಳಲ್ಲಿ ಹಾಡುತ್ತೇನೆ" ಎಂದು ಅವನೇ ಹೇಳಿಕೊಂಡ. ಅದು ನಾಗರಿಕರ ಜಗತ್ತಿನ ನಯವಾದ ಕಾವ್ಯ, ಚೆಲುವಾದದ್ದು. ಆದರೆ ಎತ್ತಿಲ್ಲದವನ ಎದೆ ಕಚ್ಚುವ ಆ ಕೂಗನ್ನು ಕೇಳಬೇಕಾದರೆ ನಾನು ಹೆಸಿಯಡ್‌ನ ಹತ್ತಿರವೇ ಹೋಗುತ್ತೇನೆ.

ಕ್ರಿ.ಶ. ಎರಡನೇ ಶತಮಾನದಲ್ಲಿ ಪೌಸಾನಿಯಸ್ ಎಂಬ ಪ್ರವಾಸಿ ಹೆಲಿಕಾನಿಗೆ ಬಂದ. ಆ ಹೊತ್ತಿಗೆ ಅಸ್ಕ್ರಾದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ, ಒಂದು ಗೋಪುರ ಬಿಟ್ಟರೆ. ಹೆಸಿಯಡ್ ಗೆದ್ದು ತಂದದ್ದು ಎಂದು ಒಂದು ಮುಕ್ಕಾಲಿಯನ್ನು ಬೆಟ್ಟದ ಮೇಲೆ ತೋರಿಸಿದರು. ಬೆಟ್ಟದ ಸುತ್ತಲಿನ ಜನ ಅವನಿಗೆ ಇನ್ನೂ ಒಂದು ಮಾತು ಹೇಳಿದರು. ಹೆಸಿಯಡ್ ಬರೆದದ್ದು ದುಡಿಮೆಯ ಕಾವ್ಯ ಒಂದೇ, ಬೇರೆ ಯಾವುದೂ ಅವನದಲ್ಲ ಎಂದರು. ಚಿಲುಮೆಯ ಹತ್ತಿರ ಒಂದು ಸೀಸದ ತಗಡನ್ನೂ ತೋರಿಸಿದರು. ಕಾಲ ತಿಂದು ಬಹಳಷ್ಟು ಸವೆದುಹೋಗಿತ್ತು. ಅದರ ಮೇಲೆ ಕೆತ್ತಿದ್ದು ಆ ಕಾವ್ಯವೇ.